ಹಿಂದಿನ ಸೀಟು

ಎರಡು ಸೀಟಿನ ಸೈಕಲ್ಲಿನಲ್ಲಿ ಒಂದೇ ಹ್ಯಾಂಡಲ್ಲು ತಿರುಗುತ್ತದೆ.
ಅದು ನನ್ನ ಕೈಯಲ್ಲಿ.
ಹಿಂದೆ ಮೋದ್ರಿಸ್, ತಿರುಗದ ಹಿಡಿಕೆ ಹಿಡಿದು,
ಆರು ವರ್ಷದಿಂದ ಕಣ್ಣು ಕಾಣದ ನನ್ನ ಗಂಡ,
ನನಗಿಂತ ಜೋರಾಗಿ ತುಳಿಯುವವನು.

ತುಕುಮ್ಸ್‌ನಲ್ಲಿ ರೈಲಿನಿಂದ ಇಳಿಸುವಾಗ ಗಾರ್ಡು ಕೇಳಿದ:
ಇಬ್ಬರಿಗೂ ಸೇರಿ ಒಂದೇ ಗಾಡಿಯಾ?
ಇಪ್ಪತ್ತೆಂಟು ವರ್ಷದಿಂದ, ಅಂದ ಇವನು.

ನಮ್ಮ ಸೀಮೆ ಹಿಟ್ಟು ನಾದುವ ಹಲಗೆಯ ಹಾಗೆ ಸಪಾಟು.
ಏರಿಲ್ಲವೆಂದು ಬಂದವರೆಲ್ಲ ಹೊಗಳುತ್ತಾರೆ,
ಇಳಿಜಾರೂ ಇಲ್ಲವೆಂದು ಯಾರೂ ಹೇಳುವುದಿಲ್ಲ.
ಒಂದು ಮಾರೂ ಪುಕ್ಕಟೆ ಸಿಗದು,
ತುಳಿದಷ್ಟೇ ದಾರಿ.
ಗಾಳಿಯೇ ನಮ್ಮ ಗುಡ್ಡ;
ಬೆಳಿಗ್ಗೆ ಇದ್ದಲ್ಲಿ ಸಂಜೆಗೆ ಇರುವುದಿಲ್ಲ.

ಹೇಳು, ಅನ್ನುತ್ತಾನೆ ಬೆನ್ನ ಹಿಂದಿನಿಂದ.
ಹೇಳುತ್ತೇನೆ: ಪೈನ್. ಪೈನ್. ಒಂದು ಬರ್ಚ್. ಮತ್ತೆ ಪೈನ್.
ಕರೆಂಟು ಕಂಬದ ಮೇಲೆ ಕೊಕ್ಕರೆಯ ಗೂಡು,
ಒಳಗೆ ಮೂರು ಮರಿ,
ಪೋಸ್ಟಾಫೀಸಿನ ಸಾಲಿನಲ್ಲಿ ನಿಂತವರ ಮುಖ.
ಪೈನ್.
ಅವನು ನಕ್ಕರೆ ನಗು ಪೆಡಲಿಗಿಳಿದು
ಚೈನಿನಗುಂಟ ನನ್ನ ಪಾದಕ್ಕೆ ಬರುತ್ತದೆ.

ಕೆರೆ ಬಂತು, ಎಂದು ಮೊದಲು ಹೇಳುವವನು ಅವನೇ.
ಯಾರೂ ಅಗೆಸದ, ಏರಿ ಕಟ್ಟದ ಕೆರೆ,
ಮರಗಳ ಸಂದಿಯಲ್ಲಿ ಮಿನುಗುವ ಮೊದಲೇ
ಅದರ ಉಸಿರು ಮೊಣಕಾಲಿಗೆ ತಾಗುತ್ತದಂತೆ.
ಮೊಣಕಾಲಿಗೆ?
ಹೂಂ. ಕೆರೆಯ ತಂಪು ನೆಲ ಹಿಡಿದು ಬರುತ್ತದೆ,
ಕಡಲಿನದು ಹಣೆಗೆ ಬಡಿಯುತ್ತದೆ.
ನಿನಗೆ ಕಣ್ಣಿವೆ, ಅದಕ್ಕೇ ಗೊತ್ತಿಲ್ಲ.

ರೋಯಾ ದಾಟಿದ ಮೇಲೆ ಕಾಡು ಒಮ್ಮೆಲೇ ನಿಂತಿತು.
ಹೋದ ಚಳಿಗಾಲ ಕಡಿದಿದ್ದಾರೆ.
ಬೊಡ್ಡೆಗಳು. ಲಾರಿ ಗಾಲಿ ತೋಡಿದ ಹಳ್ಳದಲ್ಲಿ ಕಂದು ನೀರು.
ಬೀಜಕ್ಕೆಂದು ಉಳಿಸಿದ ನಾಲ್ಕು ಮರ
ಬಾರದ ಬಸ್ಸಿಗೆ ಕಾಯುತ್ತಿದ್ದವು.
ಇವನು ಹುಡುಗನಾಗಿ ಅಣಬೆ ಹೆಕ್ಕಿದ ಕಾಡು.
ಹೇಳು, ಅಂದ.
ಪೈನ್, ಅಂದೆ. ಪೈನ್. ಒಂದು ಬರ್ಚ್.

ಸ್ವಲ್ಪ ಹೊತ್ತು ಚೈನಿನ ಸದ್ದೊಂದೇ.
ಆಮೇಲೆ, ಮೆಲ್ಲಗೆ:
ಔಸ್ಮಾ, ನನ್ನ ಎಡತೋಳ ಮೇಲೆ ಬಿಸಿಲು ಮಿಸುಕುತ್ತಿಲ್ಲ.
ನೆರಳು ಬಿಸಿಲು ನೆರಳು ಬಿಸಿಲು ಅಂತ ಬರುತ್ತಿತ್ತು,
ಈಗ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗೆ ಕೂತಿದೆ.
ಎಷ್ಟು ಕಡಿದಿದ್ದಾರೆ?

ಹೇಳಿದೆ. ಬೊಡ್ಡೆಬೊಡ್ಡೆಯನ್ನೂ ಹೇಳಿದೆ.

ಕೋಲ್ಕಾದಲ್ಲಿ ಕಿಟಕಿಯಿಂದಲೇ ಹೊಗೆಮೀನು ಮಾರುವ ಮಿರ್ದ್ಜಾ
ಬೆಚ್ಚಗಿನ ಚಪ್ಪಟೆಮೀನು ಕಾಗದದಲ್ಲಿ ಸುತ್ತಿಕೊಟ್ಟಳು.
ಒಂದು ಮುಳ್ಳೂ ತಪ್ಪದೆ ಬೆರಳಲ್ಲೇ ಬಿಡಿಸಿ ತಿಂದ ಅವನು.
ಗಂಟಲಿಗೆ ಚುಚ್ಚಿಸಿಕೊಂಡವಳು ನಾನು.

ಮರುದಿನ ಮಾಜಿರ್ಬೆ. ಕಾಡಿನೊಳಗೆ ದೋಣಿಗಳು.
ಕಡಲಿಗಿಳಿಯಬಾರದೆಂದು ಸೋವಿಯತ್ ಕಾಲದಲ್ಲಿ ಎಳೆತಂದು ಹಾಕಿದವು,
ಮೈತುಂಬ ಪಾಚಿ, ಹೊಟ್ಟೆ ಸೀಳಿ ಎದ್ದ ಗಿಡ.
ಹಲಗೆ ಇದೆ ಅಂದುಕೊಂಡಲ್ಲಿ ಅವನ ಬೆರಳು
ಕೇಕಿನೊಳಗೆ ಹೋದಂತೆ ಹೋಯಿತು.
ಅಜ್ಜನದು ಯಾವುದೆಂದು ನಾನು ಕೇಳಲಿಲ್ಲ.
ಅವನು ಹುಡುಕುತ್ತಲೂ ಇರಲಿಲ್ಲ, ಎಣಿಸುತ್ತಿದ್ದ.
ಹನ್ನೊಂದು, ಅಂದ. ಆಗ ಹದಿನೇಳಿದ್ದವು.

ಮರಳು ಬಂತು, ಇಳಿದು ತಳ್ಳಿದೆವು.
ಅವನ ಚಿಕ್ಕಂದಿನಲ್ಲಿ ದಿನಾ ಸಂಜೆ
ಗಡಿ ಕಾವಲಿನವರು ಟ್ರಾಕ್ಟರ್ ಕಟ್ಟಿ ಈ ದಡ ಹರಗುತ್ತಿದ್ದರು.
ಬಿತ್ತುವುದಕ್ಕಲ್ಲ.
ರಾತ್ರಿ ಯಾರಾದರೂ ನೀರಿನತ್ತ ನಡೆದರೆ
ಬೆಳಿಗ್ಗೆ ಹೆಜ್ಜೆ ಮೊಳೆತಿರಲಿ ಎಂದು.
ಒಮ್ಮೆ ಇವರ ಮನೆಯ ಬೆಕ್ಕು ದಾಟಿ
ಮನೆಮಂದಿಗೆಲ್ಲ ವಿಚಾರಣೆ.
ಬೆಕ್ಕು ಬಾಯಿ ಬಿಡಲಿಲ್ಲ.

ನೀರಂಚಿನ ಗಟ್ಟಿ ಮರಳಲ್ಲಿ ಮತ್ತೆ ಹತ್ತಿದೆವು.
ಹೇಳು, ಅಂದ.
ಬಲಕ್ಕೆ ನೀರು, ಬೂದಿಬಣ್ಣ. ಎಡಕ್ಕೆ ಪೈನ್, ಆಣೆಯಾಗಿ ಪೈನ್.
ಹಿಂದೆ?
ತಿರುಗಿ ನೋಡಿದೆ, ಹ್ಯಾಂಡಲ್ಲು ಒದ್ದಾಡಿತು:
ಎರಡು ಚಕ್ರಕ್ಕೂ ಸೇರಿ ಒಂದೇ ಗೆರೆ. ನೆಟ್ಟಗೇನಿಲ್ಲ.
ಯಾರಾದರೂ ಅಳಿಸುತ್ತಿದ್ದಾರಾ?
ಅಲೆ ಅಷ್ಟೇ. ಅದಕ್ಕೂ ಅವಸರವಿಲ್ಲ.

ಆಗ ಪೆಡಲು ಒಮ್ಮೆಗೇ ಭಾರವಾಯಿತು.
ಎರಡೂ ಕಾಲೆತ್ತಿ ಗಾಳಿಯಲ್ಲಿ ಚಾಚಿದ್ದ,
ಐವತ್ತಾರು ವರ್ಷದ ಗಂಡಸು.
ಇಳಿಜಾರೇ ಇಲ್ಲದ ಸೀಮೆಯಲ್ಲಿ
ಎಲ್ಲಿಂದಲೋ ಒಂದು ಇಳಿಜಾರು ಸಿಕ್ಕಿತ್ತು ಅವನಿಗೆ.
ಅದರ ಏರು ನನ್ನ ಕಾಲಿಗೆ ಬಿತ್ತು.
ತುಳಿದೆ.